ಕಾರವಾರದ ಬಂದರಿನಲ್ಲಿ ಹಾಯಿದೋಣಿ

ನಮ್ಮ ಊರಿನ ಹೆಸರಿನಲ್ಲಿಯೇ ಕೆರೆಯಿದೆ. ಆದರೆ ನನಗೆ ಬುದ್ಧಿ ತಿಳಿದಂದಿನಿಂದ ಹೊಸಕೆರೆಹಳ್ಳಿಯ ಕೆರೆಯು ತುಂಬಿ ನಿಂತುದನ್ನು ನಾನು ಕಂಡವನಲ್ಲ. ಅದರ ಅಂಗಳದಲ್ಲಿ ಬೆಳೆದ ಗಿಡಗಂಟಿಗಳನ್ನೂ, ರಾತ್ರಿ ತಂದು ಸುರಿದ ಇಟ್ಟಿಗೆಚೂರುಗಳನ್ನೂ ಕಂಡಿದ್ದೇನೆ. ಆ ಕೆರೆಯ ಕೆಳಗೆ ಗದ್ದೆ ಮಾಡಿದ್ದವರು ನನ್ನ ತಾತ. ನೀರಿನ ಪರಿಚಯ ನಮ್ಮ ಮನೆಯಲ್ಲಿ ಅವರಿಗೇ ಕೊನೆ. ಹೀಗಿರುವಲ್ಲಿ, ಈಜು ಬಾರದ ನಾನು ಕಾರವಾರದ ಬಂದರಿನಲ್ಲಿ ಹಾಯಿದೋಣಿಯ ಚುಕ್ಕಾಣಿ ಹಿಡಿದು ಕುಳಿತೆನೆಂದರೆ ನನ್ನ ತರಗತಿಯವರು ನಗದೆ ಇರಲಿಲ್ಲ. ನಗುವವರು ನಗಲಿ. ಗಾಳಿಯು ಎದುರಿನಿಂದ ಬೀಸುತ್ತಿದ್ದರೂ ಎಂಜಿನ್ನಿಲ್ಲದ ದೋಣಿಯು ಅದೇ ಗಾಳಿಯ ಬಲದಿಂದ ಮುಂದಕ್ಕೆ ಹೋಗುವುದು ಹೇಗೆಂಬುದನ್ನು ಅವರಲ್ಲಿ ಯಾರೂ ನನಗೆ ಹೇಳಲಾರದೆ ಹೋದರು. ಅದನ್ನು ಕೈಯಾರೆ ಕಲಿತ ಬಗೆಯನ್ನು ಇಲ್ಲಿ ಬರೆಯುತ್ತೇನೆ.

ಕಾರವಾರದವನಾದ ನನ್ನ ಸಹಪಾಠಿಯೊಬ್ಬನ ಸೋದರಮಾವ ನೌಕಾಸೇನೆಯಲ್ಲಿದ್ದು ನಿವೃತ್ತರಾದವರು. ಅವರಲ್ಲಿ 14 ಅಡಿ ಉದ್ದದ ಹಾಯಿದೋಣಿಯೊಂದುಂಟು. ಜನವರಿಯಲ್ಲಿ ನಾಲ್ಕು ದಿನ ಬಿಡುವು ದೊರೆತಾಗ ಗೆಳೆಯನು ನನ್ನನ್ನು ಕರೆದನು. ಅಮ್ಮ ಮೊದಲು ಒಪ್ಪಲಿಲ್ಲ. “ಡಿಗ್ರಿ ಮುಗಿಸೋಕೆ ಇನ್ನು ಮೂರು ತಿಂಗಳಿದೆ, ಈಗ ಸಮುದ್ರ ಯಾಕಪ್ಪ ನಿಂಗೆ?” ಎಂಬುದು ಅವಳ ಪ್ರಶ್ನೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ನನ್ನನ್ನು ಗಾಜಿನ ಸಾಮಾನಿನಂತೆ ಕಾಯುವುದು ಅವಳಿಗೆ ಅಭ್ಯಾಸವಾಗಿದೆ. ದಡ ಬಿಟ್ಟು ದೂರ ಹೋಗುವುದಿಲ್ಲವೆಂದು ಮಾತು ಕೊಟ್ಟು ಪಂಚಗಂಗಾ ರೈಲು ಹತ್ತಿದೆನು. ಆ ಮಾತನ್ನು ಎಷ್ಟರಮಟ್ಟಿಗೆ ನಡೆಸಿದೆನೆಂಬುದು ಮುಂದೆ ತಿಳಿಯುತ್ತದೆ.

ಕಾರವಾರದ ಬಂದರು ಮನುಷ್ಯರು ಕಟ್ಟುವ ಮೊದಲೇ ಪ್ರಕೃತಿಯು ಕಟ್ಟಿಟ್ಟ ಬಂದರು. ದಕ್ಷಿಣದಲ್ಲಿ ಬೈತಖೋಲದ ಗುಡ್ಡವು ಕಡಲಿಗೆ ಚಾಚಿಕೊಂಡಿದೆ. ಉತ್ತರದಲ್ಲಿ ಕಾಳಿನದಿಯ ಅಳಿವೆ, ಅದರಾಚೆಗೆ ಸದಾಶಿವಗಡದ ಕೋಟೆಯ ಬೆಟ್ಟ. ನಡುವೆ ಬಿಲ್ಲಿನಂತೆ ಬಾಗಿದ ಮರಳಿನ ದಂಡೆ. ಪಶ್ಚಿಮದಲ್ಲಿ ಕೂರ್ಮಗಡವೂ ದೇವಗಡವೂ ಕಾವಲು ನಿಂತಿವೆ. ಇಂಗ್ಲಿಷರು 1638ರಷ್ಟು ಹಿಂದೆಯೇ ಇಲ್ಲಿ ಕೋಠಿ ಹಾಕಿ ಮೆಣಸನ್ನೂ, ಹುಬ್ಬಳ್ಳಿಯ ಕಡೆಯ ನಯವಾದ ಬಟ್ಟೆಯನ್ನೂ ಹಡಗಿಗೇರಿಸಿದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಮೊದಲಾಗಿ ಅಲ್ಲಿನ ಹತ್ತಿಯು ನಿಂತುಹೋದಾಗ, ಧಾರವಾಡದ ಹತ್ತಿಯನ್ನು ಇಲ್ಲಿಂದ ಸಾಗಿಸಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ದುಂಬಾಲು ಬಿದ್ದರು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದುದಕ್ಕೆ ಈ ಹತ್ತಿಯ ಆಸೆಯೂ ಒಂದು ಕಾರಣ. ಆದರೆ ಮುಂದೆ ರೈಲು ಹೋದದ್ದು ಗೋವೆಯ ಮರ್ಮಗೋವೆಗೆ. ಕಾರವಾರವು ಕಾದೇ ಉಳಿಯಿತು. ಅದರ ಭಾಗ್ಯಕ್ಕೆ ರೈಲು ಬಂದದ್ದು ಕೊಂಕಣ ರೈಲ್ವೆಯ ಕಾಲಕ್ಕೆ, ಕಳೆದ ಶತಮಾನದ ಕೊನೆಯಲ್ಲಿ. ಜಿಲ್ಲೆಯನ್ನು ಕಡಲಿಗಾಗಿ ಕಿತ್ತು ಬೇರೆಡೆ ನೆಟ್ಟು, ಬಳಿಕ ಮರೆತುಬಿಟ್ಟುದು ಸ್ವಾರಸ್ಯವಾದ ಕಥೆ. ಚರಿತ್ರೆಯ ವಿದ್ಯಾರ್ಥಿಗಳು ಯಾರಾದರೂ ವಿಸ್ತಾರವಾಗಿ ಬರೆಯಬಾರದೆ?

ಇನ್ನು ದೋಣಿಯ ವಿಷಯ. ನಡುವೆ ಒಂದು ಕಂಬ. ಅದಕ್ಕೆ ಹಿಂದೆ ದೊಡ್ಡ ಹಾಯಿ, ಮುಂದೆ ಚಿಕ್ಕ ಹಾಯಿ, ಎರಡೂ ತ್ರಿಕೋನಾಕಾರದವು. ದೊಡ್ಡ ಹಾಯಿಯ ಬುಡಕ್ಕೆ ಒಂದು ಅಡ್ಡಮರ, ಅದನ್ನು ಎಳೆದು ಸಡಿಲಿಸಲು ಒಂದು ಹಗ್ಗ. ಹಿಂದುಗಡೆ ಚುಕ್ಕಾಣಿ. ದೋಣಿಯ ಹೊಟ್ಟೆಯ ಸೀಳಿನಿಂದ ನೀರಿನೊಳಕ್ಕೆ ಇಳಿಬಿಡುವ ಹಲಗೆಯೊಂದಿದೆ. ಅದು ಹೊರಗಿನವರಿಗೆ ಕಾಣುವುದೇ ಇಲ್ಲ, ಆದರೆ ಇಡೀ ಗುಟ್ಟು ಇರುವುದು ಅದರಲ್ಲಿಯೇ.

ಮಾವ (ಗೆಳೆಯನಿಗೆ ಮಾವನಾದವರು ನನಗೂ ಮಾವನೇ ಆದರು) ಮೊದಲು ಕೊಟ್ಟದ್ದು ಲೈಫ್ ಜಾಕೆಟು. ಸೆಕೆಯಾಗುತ್ತದೆಂದು ನಾನು ಗುಂಡಿಗಳನ್ನು ಬಿಚ್ಚಿಕೊಂಡಿದ್ದೆ. ಅವರು ಮಾತಾಡದೆ ಕೂರ್ಮಗಡದತ್ತ ಬೆರಳು ತೋರಿದರು. 2019ರ ಜನವರಿ 21ರಂದು ಅಲ್ಲಿನ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ನಾನು ಗುಂಡಿಗಳನ್ನು ಹಾಕಿಕೊಂಡೆನು.

ಮಧ್ಯಾಹ್ನ ಎರಡರ ಹೊತ್ತಿಗೆ ಬೈತಖೋಲದಿಂದ ಹೊರಟೆವು. ಬಿಸಿಲಿಗೆ ನೆಲವು ನೀರಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇರುತ್ತದೆ. ಆ ತೆರವನ್ನು ತುಂಬಲು ಕಡಲಿನಿಂದ ತಂಪುಗಾಳಿ ನುಗ್ಗುತ್ತದೆ. ರಾತ್ರಿ ಇದು ತಿರುವುಮುರುವಾಗಿ, ಬೆಳಗಿನ ಜಾವಕ್ಕೆ ನೆಲದಿಂದ ಕಡಲಿಗೆ ಗಾಳಿ ಬೀಸುತ್ತದೆ. ಎಂಜಿನ್ನುಗಳಿಲ್ಲದ ಕಾಲದಲ್ಲಿ ಮೀನುಗಾರರು ಬೆಳಗಿನ ನೆಲಗಾಳಿಯಲ್ಲಿ ಹೊರಟು ಮಧ್ಯಾಹ್ನದ ಕಡಲಗಾಳಿಯಲ್ಲಿ ಮರಳುತ್ತಿದ್ದರು. ನಾವು ಹೋಗಬೇಕಾಗಿದ್ದುದು ಪಶ್ಚಿಮಕ್ಕೆ, ಗಾಳಿಯೂ ಪಶ್ಚಿಮದಿಂದಲೇ.

“ತಮ್ಮಾ, ಗಾಳಿ ಎಲ್ಲಿಂದ ಬರ್ತಾ ಉಂಟು ಹೇಳು ನೋಡುವಾ” ಎಂದರು ಮಾವ. ಕಂಬದ ಹಗ್ಗಕ್ಕೆ ಅವರು ಉಣ್ಣೆಯ ಎಳೆಯೊಂದನ್ನು ಕಟ್ಟಿದ್ದರು. ಅದು ತೇಲುವ ದಿಕ್ಕನ್ನು ನೋಡಬೇಕು. ನನಗೆ ಕೂಡಲೆ ತಾತನ ನೆನಪಾಯಿತು. ಕಣದಲ್ಲಿ ರಾಶಿ ತೂರುವ ಮುನ್ನ ಅವರು ಚಿಟಿಕೆ ಹೊಟ್ಟನ್ನು ಮೇಲಕ್ಕೆಸೆದು ನೋಡುತ್ತಿದ್ದರಂತೆ. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಗಾದೆ ನಮ್ಮದು. ಬೇಡದ ದಿಕ್ಕಿನಿಂದ ಬಂದ ಗಾಳಿಯನ್ನು ಏನು ಮಾಡಬೇಕೆಂದು ಆ ಗಾದೆ ಹೇಳುವುದಿಲ್ಲ.

ಅದಕ್ಕೆ ಉತ್ತರವನ್ನು ಮಾವ ಅಂದು ಬೆಳಗ್ಗೆಯೇ ಹುಣಿಸೆಬೀಜವೊಂದರಿಂದ ಹೇಳಿಕೊಟ್ಟಿದ್ದರು. ಒದ್ದೆಯಾದ ಬೀಜವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಅಮುಕಿದರೆ ಅದು ಮುಂದಕ್ಕೆ ಚಿಮ್ಮುತ್ತದೆ. ಬೆರಳುಗಳು ಅಮುಕಿದ್ದು ಅಡ್ಡಡ್ಡಲಾಗಿ. ಬೀಜ ಹೋದದ್ದು ನೇರವಾಗಿ. ದೋಣಿಯೂ ಹೀಗೆಯೇ. ಓರೆಯಾಗಿ ಹಿಡಿದ ಹಾಯಿಯ ಉಬ್ಬಿನ ಮೇಲೆ ಗಾಳಿ ಹರಿಯುವಾಗ, ವಿಮಾನದ ರೆಕ್ಕೆಯ ಮೇಲಾಗುವಂತೆ, ಒಂದು ಸೆಳೆತ ಹುಟ್ಟುತ್ತದೆ. ಈ ಸೆಳೆತವು ಬಹುಮಟ್ಟಿಗೆ ಪಕ್ಕಕ್ಕೆ, ಸ್ವಲ್ಪಮಟ್ಟಿಗೆ ಮುಂದಕ್ಕೆ. ಪಕ್ಕಕ್ಕೆ ಜಾರದಂತೆ ನೀರಿನೊಳಗಿನ ಹಲಗೆಯು ತಡೆಯುತ್ತದೆ. ಒಂದು ಬೆರಳು ಗಾಳಿ, ಇನ್ನೊಂದು ಬೆರಳು ನೀರು. ನಡುವಿನ ದೋಣಿಗೆ ಮುಂದಕ್ಕೆ ಹೋಗದೆ ಬೇರೆ ದಾರಿಯಿಲ್ಲ.

ಗಾಳಿಯ ಮುಖಕ್ಕೆ ನೇರವಾಗಿ ಹೋಗಲು ಮಾತ್ರ ಯಾವ ಹಾಯಿದೋಣಿಗೂ ಸಾಧ್ಯವಿಲ್ಲ. ಹಾಗೆ ಮಾಡಹೋದರೆ ಹಾಯಿಯು ಒಣಹಾಕಿದ ಪಂಚೆಯಂತೆ ಪಟಪಟನೆ ಬಡಿದುಕೊಂಡು ದೋಣಿ ನಿಂತುಬಿಡುತ್ತದೆ. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಸ್ವಲ್ಪ ದೂರ ಎಡಕ್ಕೆ, ಬಳಿಕ ತಿರುಗಿ ಅಷ್ಟೇ ದೂರ ಬಲಕ್ಕೆ, ಹೀಗೆ ಘಟ್ಟದ ರಸ್ತೆಯು ತಿರುವು ತಿರುವಾಗಿ ಏರುವಂತೆ ಏರಬೇಕು. ಪ್ರತಿ ತಿರುವಿನಲ್ಲಿಯೂ ಅಡ್ಡಮರವು ಈ ಪಕ್ಕದಿಂದ ಆ ಪಕ್ಕಕ್ಕೆ ಬೀಸಿ ಬರುತ್ತದೆ. ತಲೆ ಬಗ್ಗಿಸಬೇಕು. ಮೊದಲ ಎರಡು ತಿರುವುಗಳಲ್ಲಿ ಬಗ್ಗಿಸಿದೆನು. ಮೂರನೆಯದರಲ್ಲಿ ಕೂರ್ಮಗಡದ ಅಂದವನ್ನು ನೋಡುತ್ತಿದ್ದೆನು. ಆ ಬೋರೆ ಇಳಿಯಲು ಒಂದು ವಾರ ಹಿಡಿಯಿತು.

ಚುಕ್ಕಾಣಿಯೂ ಮೊದಮೊದಲು ಮೋಸ ಮಾಡುತ್ತದೆ. ಅದರ ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ತಿರುಗುತ್ತದೆ. ಗಾಳಿ ಬಲವಾದಾಗ ದೋಣಿ ಒಂದು ಮಗ್ಗುಲಿಗೆ ವಾಲುತ್ತದೆ. ಆಗ ಎಲ್ಲರೂ ಗಾಳಿ ಬರುವ ಕಡೆಯ ಅಂಚಿನ ಮೇಲೆ ಕುಳಿತು ಬೆನ್ನನ್ನು ನೀರಿನ ಮೇಲಕ್ಕೆ ಚಾಚಬೇಕು. ಹಿಂದೆ ಏತದ ಮರದ ಮೇಲೆ ಆಳು ಹಿಂದಕ್ಕೂ ಮುಂದಕ್ಕೂ ನಡೆದು ತನ್ನ ತೂಕದಿಂದಲೇ ನೀರೆತ್ತುತ್ತಿದ್ದನಲ್ಲವೆ? ಅದೇ ವಿದ್ಯೆ. ಹೆದರಿಕೆಯಾದರೆ ಏನು ಮಾಡಬೇಕೆಂದು ಕೇಳಿದೆನು. “ಹಗ್ಗ ಬಿಡು” ಎಂದರು ಮಾವ. ಹಗ್ಗ ಬಿಟ್ಟರೆ ಹಾಯಿಯಿಂದ ಗಾಳಿ ಸೋರಿ ದೋಣಿ ತಾನಾಗಿ ನೆಟ್ಟಗಾಗುತ್ತದೆ. ಹೆದರಿದವನ ಕೈ ಬಿಗಿಹಿಡಿಯುತ್ತದೆಯೇ ಹೊರತು ಬಿಡುವುದಿಲ್ಲ. ಬಿಡುವುದನ್ನು ಕಲಿಯಲು ನನಗೆ ಒಂದು ಗಂಟೆ ಬೇಕಾಯಿತು.

ಕೂರ್ಮಗಡದ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿರಬೇಕು. ದೂರದಲ್ಲಿ ದೇವಗಡದ ದೀಪಸ್ತಂಭ ಕಂಡಿತು, 1864ರಲ್ಲಿ ಕಟ್ಟಿದುದು. ದಕ್ಷಿಣಕ್ಕೆ ಗುಡ್ಡದಾಚೆ ಅರಗಾದಲ್ಲಿ ನೌಕಾನೆಲೆ. 2005ರಲ್ಲಿ ಸೇನೆಗೆ ಸೇರಿದ ಅದಕ್ಕೆ ‘ಕದಂಬ’ವೆಂದು ಹೆಸರಿಟ್ಟಿದ್ದಾರೆ, ಬನವಾಸಿಯ ಅರಸರು ಕೇಳಿದ್ದರೆ ಸಂತೋಷಪಡುತ್ತಿದ್ದರು. ಅತ್ತ ಖಾಸಗಿ ದೋಣಿಗಳು ಸುಳಿಯುವಂತಿಲ್ಲ. ನಾವು ಉತ್ತರಕ್ಕೆ ತಿರುಗಿ, ಬಳಿಕ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಕಾಳಿಯ ಅಳಿವೆಯತ್ತ ಹೊರಟೆವು.

ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ಹಿಂಗಾಳಿಯಲ್ಲಿ ಹೋಗುವಾಗ ಗಾಳಿಯಿದೆಯೆಂದೇ ತೋರುವುದಿಲ್ಲ. ಗಾಳಿಯೊಡನೆಯೇ ನಾವೂ ಓಡುವುದರಿಂದ ಎಲ್ಲವೂ ಶಾಂತ, ಹಾಯಿ ಪೂರ್ತಿ ಬಿಚ್ಚಿ ಹರಡಿದೆ, ಬಿಸಿಲು ಹಿತವಾಗಿದೆ. ಎದುರುಗಾಳಿಯಲ್ಲಿ ಹಾಡು ನೆನಪಾಗದು. ಹಿಂಗಾಳಿಯಲ್ಲಿ ಗೆಳೆಯನು ಹಾಡತೊಡಗಿದನು. ಮಾವ ಮಾತ್ರ ಆಗಲೇ ಹೆಚ್ಚು ಎಚ್ಚರವಾಗಿದ್ದರು. ಚುಕ್ಕಾಣಿ ತುಸು ತಪ್ಪಿದರೂ ಗಾಳಿಯು ಹಾಯಿಯ ಹಿಂಬದಿಗೆ ಸೇರಿ, ಅಡ್ಡಮರವು ದೊಣ್ಣೆಯಂತೆ ಬೀಸಿ ಬಂದು ದೋಣಿಯನ್ನೇ ಮಗುಚೀತು.

ಅಳಿವೆಯ ಬಾಯಿಗೆ ಬರುವಾಗ ಐದು ಗಂಟೆ. ಅಲ್ಲಿಂದ ಹಿಂದಿರುಗೋಣವೆಂದರು ಮಾವ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದುದನ್ನೂ, ಅದರ ಚಾಲಕನನ್ನು ಬದುಕಿಸಿ ತಂದುದನ್ನೂ ಪತ್ರಿಕೆಯಲ್ಲಿ ಓದಿದ್ದೆನಲ್ಲ, ಆ ಸ್ಥಳವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕೆಂದು ನಾನೇ ಹಟ ಮಾಡಿದೆನು. ಅತಿಥಿಯ ಮಾತೆಂದು ಅವರು ಒಪ್ಪಿದರು. ಸೇತುವೆಯನ್ನು ನೋಡಿಯಾಯಿತು. ತಿರುಗಿದಾಗ ಉಣ್ಣೆಯ ಎಳೆಯು ಕಂಬಕ್ಕೆ ಅಂಟಿಕೊಂಡಂತೆ ಜೋತುಬಿದ್ದಿತ್ತು. ಕಡಲಗಾಳಿ ಸಂಜೆಗೆ ಸೋಲುತ್ತದೆಂಬುದನ್ನು ಮಧ್ಯಾಹ್ನವಷ್ಟೇ ಕೇಳಿದ್ದೆನು.

ಗಾಳಿಯೊಂದೇ ಆಗಿದ್ದರೆ ಕಾದು ಕುಳಿತಿರಬಹುದಾಗಿತ್ತು. ಕಡಲು ದಿನಕ್ಕೆ ಎರಡು ಸಲ ಉಬ್ಬಿ ಎರಡು ಸಲ ಇಳಿಯುತ್ತದೆ. ಪ್ರತಿದಿನವೂ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಆದುದರಿಂದಲೇ ಮೀನುಗಾರರು ಗಡಿಯಾರಕ್ಕಿಂತ ತಿಥಿಯನ್ನು ನೆಚ್ಚುತ್ತಾರೆ. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತ ಏರಿಳಿತ ಹೆಚ್ಚು, ಅಷ್ಟಮಿಯ ಸುತ್ತ ಕಡಿಮೆ. ಅಂದು ಹುಣ್ಣಿಮೆ ಕಳೆದು ನಾಲ್ಕನೆಯ ದಿನ, ಸಂಕಷ್ಟಿ. ಎರಡು ಗಂಟೆಗೆ ತುಂಬಿದ್ದ ಉಬ್ಬರವು ಈಗ ಭರದಿಂದ ಇಳಿಯುತ್ತಿತ್ತು. ನದಿಯ ನೀರೂ ಅದರೊಡನೆ ಸೇರಿ ನಮ್ಮನ್ನು ಮೆಲ್ಲನೆ ಹೊರಗಡಲಿಗೆ ಒಯ್ಯುತ್ತಿತ್ತು. ದಡದ ತೆಂಗಿನಮರಗಳು ಹಿಂದೆ ಸರಿಯುವುದನ್ನು ಕಂಡಾಗ ಬೆಂಗಳೂರಿನಲ್ಲಿ ಚಂದ್ರೋದಯದವರೆಗೆ ಉಪವಾಸವಿರುವ ಅಮ್ಮನ ನೆನಪು ಬಂದಿತು.

ಮಾವ ಒಂದು ಹುಟ್ಟನ್ನು ತಾವು ಹಿಡಿದು, ಇನ್ನೊಂದನ್ನು ಗೆಳೆಯನಿಗೆ ಕೊಟ್ಟು, ಚುಕ್ಕಾಣಿಯನ್ನು ನನ್ನ ಕೈಗಿತ್ತರು. ನಾನು ಗಾಬರಿಯಿಂದ ದೋಣಿಯ ಮೂತಿಯನ್ನು ಸೆಳೆತಕ್ಕೆ ಎದುರಾಗಿ ತಿರುಗಿಸಿದೆನು. “ಹೊಳೆಯ ಸಂಗಡ ಜಗಳ ಬೇಡ ತಮ್ಮಾ, ಅಡ್ಡ ಹೋಗು” ಎಂದರು. ಸೆಳೆತವು ನಡುಪಾತ್ರದಲ್ಲಿ ಜೋರು, ಅಂಚಿನಲ್ಲಿ ಕಡಿಮೆ. ಎದುರಾಗಿ ಹುಟ್ಟು ಹಾಕಿದರೆ ತೋಳು ಸೋಲುತ್ತದೆ. ಅಡ್ಡಲಾಗಿ ಹಾಕಿದರೆ ತುಸು ಕೆಳಕ್ಕೆ ಜಾರಿದರೂ ಅದರ ಹಿಡಿತದಿಂದ ಹೊರಬೀಳಬಹುದು. ದಕ್ಷಿಣದ ಕೋಡಿಬಾಗದ ದಂಡೆಯಲ್ಲಿ ಒಂದು ಮರವನ್ನು ಗುರುತು ಹಿಡಿದೆನು. ಮರ ಎಡಕ್ಕೆ ಜಾರುತ್ತಲೇ ಇತ್ತು. ಆದರೆ ದೊಡ್ಡದಾಗುತ್ತಲೂ ಇತ್ತು. ಅರ್ಧ ಗಂಟೆಯಾಯಿತೋ ಹೆಚ್ಚೋ ತಿಳಿಯದು. ನೀರಿನ ಬಣ್ಣ ತಿಳಿಯಾಯಿತು. ಮಾವ ಹಲಗೆಯನ್ನು ಮೇಲಕ್ಕೆಳೆದರು. ದೋಣಿಯ ಹೊಟ್ಟೆ ಮರಳನ್ನು ಸವರಿತು. ಅದಕ್ಕಿಂತ ಇಂಪಾದ ಸದ್ದನ್ನು ನಾನು ಕೇಳಿಲ್ಲ.

ದಂಡೆಯಲ್ಲಿ ಬಲೆ ಸುತ್ತುತ್ತಿದ್ದ ನಾಲ್ವರು ಬಂದು ಕೈಕೊಟ್ಟರು. ರಾತ್ರಿಯ ಉಬ್ಬರ ಎಲ್ಲಿಯವರೆಗೆ ಬರುತ್ತದೆಂಬುದಕ್ಕೆ ಕಸಕಡ್ಡಿಯ ಗೆರೆಯೊಂದು ಮರಳಿನ ಮೇಲಿರುತ್ತದೆ. ಅದಕ್ಕೂ ಮೇಲಕ್ಕೆ ದೋಣಿಯನ್ನು ಎಳೆದಿಟ್ಟು ಕಾರವಾರಕ್ಕೆ ದಂಡೆಗುಂಟ ನಡೆದೆವು. ನಡೆಯುತ್ತ ಗೆಳೆಯನೆಂದನು, ನಾವು ಹೋಗುತ್ತಿರುವುದು ರವೀಂದ್ರನಾಥ ಠಾಕೂರರ ದಾರಿಯೆಂದು. ನನಗೆ ಹಾಸ್ಯವೆನಿಸಿತು; ಊರಿಗೆ ಬಂದು ಕಾಲೇಜಿನ ಗ್ರಂಥಾಲಯದಲ್ಲಿ ಅವರ ಆತ್ಮಕಥನವನ್ನು ತೆಗೆದು ನೋಡಿದರೆ ನಿಜ. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಇಪ್ಪತ್ತರ ಹರೆಯದ ರವೀಂದ್ರರು ಇಲ್ಲಿಗೆ ಬಂದು ಕೆಲಕಾಲವಿದ್ದರು. ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಬರೆದದ್ದು ಇಲ್ಲಿಯೇ. ಒಂದು ಬೆಳುದಿಂಗಳ ರಾತ್ರಿ ಚಿಕ್ಕ ದೋಣಿಯಲ್ಲಿ ಕಾಳಿನದಿಯನ್ನೇರಿ ಹೋಗಿ, ಹೊಳೆಯ ಹರಿವಿನಲ್ಲಿ ತೇಲುತ್ತ ಮರಳಿ, ಅಳಿವೆಗೆ ಬಂದಾಗ ದೋಣಿಯಲ್ಲಿ ಮನೆ ಸೇರಲು ಬಹಳ ಹೊತ್ತಾಗುವುದೆಂದು ಅವರೂ ಇಳಿದು ಮರಳಿನ ಮೇಲೆ ನಡೆದುಹೋದರಂತೆ. ಅವರಿಗೆ ಚಂದ್ರನಿದ್ದನು. ನಮ್ಮ ಸಂಕಷ್ಟಿಯ ಚಂದ್ರ ಇನ್ನೂ ಹುಟ್ಟಿರಲಿಲ್ಲ. ಗೆಳೆಯನ ಮೊಬೈಲಿನ ಬೆಳಕಿನಲ್ಲಿ ಏಡಿಗಳನ್ನು ತಪ್ಪಿಸುತ್ತ ನಡೆದೆವು.

ಮರುದಿನ ನಸುಕಿಗೇ ಕೋಡಿಬಾಗಕ್ಕೆ ಹೋದೆವು. ನೆಲಗಾಳಿ ಬೀಸುತ್ತಿತ್ತು; ಉಣ್ಣೆಯ ಎಳೆ ಕಡಲ ಕಡೆಗೆ ತೇಲುತ್ತಿತ್ತು. ಯಾವ ಕಡೆಯ ಅಂಚಿನಲ್ಲಿ ಕೂರಬೇಕೆಂದು ಮಾವ ಹೇಳಲಿಲ್ಲ. ನಾನು ಎಳೆಯನ್ನು ನೋಡಿ ಪೂರ್ವದ ಅಂಚಿನಲ್ಲಿ ಕುಳಿತೆನು. ಅವರು ಚುಕ್ಕಾಣಿಯ ಹಿಡಿಯನ್ನು ನನ್ನ ಕಡೆಗೆ ತಿರುಗಿಸಿ, ತಾವು ಮುಂದೆ ಹೋಗಿ ಕುಳಿತು ಬೀಡಿ ಹಚ್ಚಿದರು.