ಕಬ್ಬಿನ್ಯಾಗ ಮರಿ ಸಿಕ್ಕರ ಏನ್ ಮಾಡಬೇಕು?

ಪಾಲಬಾವಿ ರೈತ ಬಾಂಧವರ, ಕಬ್ಬು ಕಡಿಯೂ ಮುಂದ ರವದಿಯೊಳಗ ಸಣ್ಣ ಮರಿ ಕಂಡ್ರ, ಕುಡಗೋಲು ಅಲ್ಲೇ ನಿಲ್ಲಸ್ರಿ.

ಅದು ಕಾಡುಬೆಕ್ಕಿಂದಿರಬಹುದು, ಚಿರತೀದೂ ಇರಬಹುದು. ಗುರುತು ಹಿಡಿಯಾಕ ಹತ್ತಿರ ಹೋಗಬ್ಯಾಡ್ರಿ. ತಬ್ಬಲಿ ಅಂತನೂ ತಿಳಕೋಬ್ಯಾಡ್ರಿ. ತಾಯಿ ಸನೇದಾಗ ಇರಬಹುದು. ಮಂದಿ ಗದ್ದಲಕ್ಕ ಹೊರಗ ಬರಂಗಿಲ್ಲ.

ಒಂದು: ಮುಟ್ಟಬ್ಯಾಡ್ರಿ, ಸೆಲ್ಫಿ ಬ್ಯಾಡ. ಆ ಕಡೆ ಕಡಿಯೂದು ನಿಲ್ಲಿಸಿ, ಮಂದಿನ್ನ, ನಾಯಿನ್ನ ದೂರ ಇಡ್ರಿ.

ಎರಡು: ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕ ಫೋನ್ ಹಚ್ರಿ.

ಮೂರು: ಆಕಳ ಹಾಲು ಹಾಕಬ್ಯಾಡ್ರಿ. ಮರಿಗೆ ಪಚನ ಆಗಂಗಿಲ್ಲ. ಭೇದಿ ಹತ್ತಿ ಜೀವಕ್ಕ ಕುತ್ತು ಬರತೈತಿ.

  

ಮಹಾರಾಷ್ಟ್ರದ ಜುನ್ನರದಾಗ ಕಬ್ಬಿನ್ಯಾಗ ಸಿಕ್ಕ ಚಿರತಿ ಮರಿಗಳನ್ನ ಅರಣ್ಯ ಇಲಾಖೆ, ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ವೈದ್ಯರು ತಪಾಸಣೆ ಮಾಡಿ, ಸಂಜಿಗೆ ಅದೇ ಜಾಗಾದಾಗ ಇಡತಾರ. ಕತ್ತಲಾದ ಮ್ಯಾಲ ತಾಯಿ ಬಂದು ಒಯ್ದದ್ದು ಎಷ್ಟೋ ಸಲ ಕ್ಯಾಮರಾದಾಗ ಸಿಕ್ಕೈತಿ.

ಮರಿ ಮನಿಗೆ ಒಯ್ದು ಸಾಕೂದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಈ ವಿಡಿಯೋ ನಿಮ್ಮ ಕಬ್ಬಿನ ಗ್ಯಾಂಗ್‌ನವರಿಗೆ ಇವತ್ತೇ ಕಳಸ್ರಿ.