ಕಬ್ಬಿನ ನಾಡಿನಲ್ಲಿ ಇಂಗಾಲದ ಕಾವಲುಗಾರರು

ಕೃಷ್ಣೆ ಘಟಪ್ರಭೆಗಳ ನೀರುಂಡು ಹಸುರಾದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಎರೆಭೂಮಿಯಲ್ಲಿ ಕಣ್ಣು ಹರಿದಷ್ಟು ದೂರವೂ ನಿಂತ ಕಬ್ಬನ್ನು ಕಂಡವರಿಗೆ ಅದು ಸಕ್ಕರೆಯ ಮತ್ತು ಬೆಲ್ಲದ ಬೆಳೆಯಾಗಿ ತೋರುವುದು ಸಹಜವೇ. ಆದರೆ ಅದೇ ಕಬ್ಬು ಹಗಲೆಲ್ಲ ವಾತಾವರಣದಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ, ಸೂರ್ಯಪ್ರಕಾಶದ ಬಲದಿಂದ ಅದನ್ನು ರಸವಾಗಿಯೂ ನಾರಾಗಿಯೂ ಪರಿವರ್ತಿಸುತ್ತಿರುವುದೆಂಬ ಸಂಗತಿಯನ್ನು ನೆನೆಯುವವರು ವಿರಳ. ಹೀಗೆ ಸೆರೆಯಾದ ಇಂಗಾಲವು ಮರಳಿ ಗಾಳಿಗೆ ಸೇರುವುದೋ ಅಥವಾ ನೆಲದಲ್ಲಿ ನಿಲ್ಲುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವವು ಬರಿಗಣ್ಣಿಗೆ ಗೋಚರಿಸದ ಸೂಕ್ಷ್ಮಾಣುಜೀವಿಗಳು.

ಈ ನಿರ್ಣಯ ಇಂದು ಸಣ್ಣ ವಿಷಯವಲ್ಲ. ಯಂತ್ರಯುಗಕ್ಕೆ ಮುನ್ನ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 280 ಭಾಗವಿದ್ದ ಈ ಅನಿಲವು, ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ 1958ರಲ್ಲಿ ಅಳತೆ ಆರಂಭವಾದಾಗ 315ರಷ್ಟಿದ್ದು, ಈಗ 420ನ್ನೂ ದಾಟಿದೆ. ಕಲ್ಲಿದ್ದಲು ಮತ್ತು ಪೆಟ್ರೋಲಿಯಮ್ಮುಗಳ ದಹನವೇ ಇದರ ಪ್ರಧಾನ ಕಾರಣ.

ಈ ಅನಿಲವನ್ನು ಹಿಡಿಯುವ ವಿದ್ಯೆಯಲ್ಲಿ ಸೂಕ್ಷ್ಮಾಣುಜೀವಿಗಳಿಗಿಂತ ಪ್ರಾಚೀನರಿಲ್ಲ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ವಾತಾವರಣದಲ್ಲಿ ಆಮ್ಲಜನಕ ನೆಲೆಗೊಂಡುದು ನೀಲಿ-ಹಸಿರು ಸೂಕ್ಷ್ಮಾಣುಗಳ ದುಡಿಮೆಯಿಂದಲೇ; ಇಂದಿಗೂ ಲೋಕದ ದ್ಯುತಿಸಂಶ್ಲೇಷಣೆಯಲ್ಲಿ ಹತ್ತಿರ ಹತ್ತಿರ ಅರ್ಧಭಾಗ ನಡೆಯುವುದು ಸಮುದ್ರದಲ್ಲಿ, ಅದೂ ಬಹುತೇಕ ಇಂತಹ ಸೂಕ್ಷ್ಮಜೀವಿಗಳಿಂದ.

ನಮ್ಮ ಸೀಮೆಯ ಕಾರ್ಖಾನೆಗಳಲ್ಲಿಯೂ ಇವುಗಳ ವ್ಯಾಪಾರ ನಿತ್ಯ ಸಾಗಿದೆ. ಮಹಾಲಿಂಗಪುರದ ಬಳಿಯ ಸಮೀರವಾಡಿಯಲ್ಲಾಗಲಿ ಮುಧೋಳದಲ್ಲಾಗಲಿ ಕಬ್ಬಿನ ರಸವನ್ನೂ ಕಾಕಂಬಿಯನ್ನೂ ಎಥನಾಲ್ ಆಗಿ ಮಾರ್ಪಡಿಸುವುದು ಯೀಸ್ಟ್ ಎಂಬ ಸೂಕ್ಷ್ಮಶಿಲೀಂಧ್ರ. ಒಂದು ಲೀಟರು ಎಥನಾಲಿಗೆ ಸುಮಾರು ಮುಕ್ಕಾಲು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಜೊತೆಯಲ್ಲಿಯೇ ಹುಟ್ಟುತ್ತದೆ. ಬಾಯ್ಲರಿನ ಹೊಗೆಯಲ್ಲಿ ಈ ಅನಿಲ ಸಾರಜನಕದೊಡನೆ ಬೆರೆತಿರುವುದರಿಂದ ಅದನ್ನು ಬೇರ್ಪಡಿಸುವುದು ದುಬಾರಿ. ಹುದುಗಿನ ತೊಟ್ಟಿಯಿಂದ ಏಳುವುದಾದರೋ ಬಹುಪಾಲು ಶುದ್ಧವಾದದ್ದು. ಕಬ್ಬು ಆಕಾಶದಿಂದ ಪಡೆದುದೇ ಇಲ್ಲಿ ಹೊರಬರುವುದಾದಕಾರಣ ಅದನ್ನು ಬಿಟ್ಟರೆ ಲೆಕ್ಕ ಸರಿಸಮವಾಗುವುದು. ಹಿಡಿದು ನಿಲ್ಲಿಸಿದರೆ ವಾತಾವರಣದ ಹೊರೆಯೇ ಅಷ್ಟರಮಟ್ಟಿಗೆ ಇಳಿಯುವುದು.

ಈ ಅನಿಲವನ್ನು ಕೊಳಗಳಲ್ಲಿ ಹಾಯಿಸಿ ಸೂಕ್ಷ್ಮಪಾಚಿಗಳನ್ನು ಬೆಳೆಸುವುದು ಒಂದು ಮಾರ್ಗ: ಒಂದು ಕಿಲೋಗ್ರಾಂ ಒಣಪಾಚಿ ಬೆಳೆಯಲು ಸುಮಾರು 1.8 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಬೇಕು. ಸ್ಪಿರುಲಿನಾ ಎಂಬ ಪೌಷ್ಟಿಕ ಸೂಕ್ಷ್ಮಜೀವಿಯ ಕೃಷಿಯನ್ನು ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ದಶಕಗಳ ಹಿಂದೆಯೇ ಅಭ್ಯಸಿಸಿದೆ. ಮತ್ತೊಂದು ಮಾರ್ಗಕ್ಕೆ ಬೆಳಕೂ ಬೇಡ. ಮೊಲದ ಹಿಕ್ಕೆಯಿಂದ ಬೇರ್ಪಡಿಸಲಾದ ಕ್ಲಾಸ್ಟ್ರಿಡಿಯಂ ಜಾತಿಯ ಒಂದು ಬ್ಯಾಕ್ಟೀರಿಯವು ಕಾರ್ಖಾನೆಯ ತ್ಯಾಜ್ಯಾನಿಲಗಳನ್ನೇ ಉಂಡು ಎಥನಾಲನ್ನು ಸ್ರವಿಸುತ್ತದೆ. ಲಾಂಜಾಟೆಕ್ ಸಂಸ್ಥೆಯ ಈ ವಿಧಾನವನ್ನು ಇಂಡಿಯನ್ ಆಯಿಲ್ ಹರಿಯಾಣದ ಪಾಣಿಪತ್ತಿನಲ್ಲಿ ಅಳವಡಿಸಿದೆ. ಆದರೆ ಪಾಚಿಯನ್ನು ತಿಂದಾಗ, ಎಥನಾಲನ್ನು ಉರಿಸಿದಾಗ, ಅದರ ಇಂಗಾಲ ಮತ್ತೆ ಗಾಳಿಯ ಪಾಲಾಗುವುದೆಂಬುದನ್ನು ಮರೆಯಲಾಗದು. ಇವು ಇಂಗಾಲವನ್ನು ಮರುಬಳಸುವ ಉಪಾಯಗಳೇ ಹೊರತು ಹೂತಿಡುವ ಉಪಾಯಗಳಲ್ಲ.

ದೀರ್ಘಕಾಲದ ಭಂಡಾರವು ಇರುವುದು ನಮ್ಮ ಕಾಲಡಿಯಲ್ಲಿ. ಕಬ್ಬು ಕಡಿದ ಮೇಲೆ ಎಕರೆಗೆ ಮೂರು ನಾಲ್ಕು ಟನ್ನಿನಷ್ಟು ರವದಿ, ಅಂದರೆ ಒಣ ಸೋಗೆ, ಉಳಿಯುವುದುಂಟು. ಅದಕ್ಕೆ ಬೆಂಕಿಯಿಟ್ಟರೆ, ವರ್ಷವಿಡೀ ಎಲೆಗಳು ಸಂಗ್ರಹಿಸಿದ ಇಂಗಾಲವು ಕೆಲವೇ ಗಳಿಗೆಗಳಲ್ಲಿ ಹೊಗೆಯಾಗಿ ಹೋಗುವುದಲ್ಲದೆ, ರವದಿಯೊಳಗಿನ ಸಾರಜನಕವೂ ಮೇಲ್ಮಣ್ಣಿನ ಜೀವಸಂಕುಲವೂ ನಷ್ಟವಾಗುವುವು. ಅದನ್ನೇ ಪುಡಿಮಾಡಿ ಕುಳೆ ಕಬ್ಬಿನ ಸಾಲುಗಳ ನಡುವೆ ಹರಡಿ, ರಸ ಸೋಸಿದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಪ್ರೆಸ್‌ಮಡ್ಡನ್ನೂ ಟ್ರೈಕೋಡರ್ಮಾದಂತಹ ಕೊಳೆಯಿಸುವ ಶಿಲೀಂಧ್ರಗಳನ್ನೂ ಸೇರಿಸಿ ತೇವವಾಗಿಟ್ಟರೆ, ಅಸಂಖ್ಯ ಸೂಕ್ಷ್ಮಾಣುಜೀವಿಗಳು ಅದನ್ನು ಮೆಲ್ಲಮೆಲ್ಲನೆ ಜೀರ್ಣಿಸಿಕೊಳ್ಳುತ್ತವೆ. ಇಂಗಾಲದ ಹೆಚ್ಚಿನ ಪಾಲು ಅವುಗಳ ಉಸಿರಾಗಿ ಹೊರಹೋದರೂ, ಅವುಗಳ ಮೃತದೇಹಗಳಲ್ಲಿಯೂ ಸ್ರಾವಗಳಲ್ಲಿಯೂ ಉಳಿದ ಅಂಶವು ಜೇಡಿಕಣಗಳಿಗೆ ಅಂಟಿಕೊಂಡು ದಶಕಗಳವರೆಗೆ ನಿಲ್ಲಬಲ್ಲದು. ಜೇಡಿ ಹೇರಳವಾಗಿರುವ ನಮ್ಮ ಎರೆಮಣ್ಣಿಗೆ ಈ ಶಕ್ತಿ ವಿಶೇಷವಾಗಿದೆ.

ಆದರೆ ಸೂಕ್ಷ್ಮಾಣುಗಳೆಲ್ಲ ನಮಗೆ ಅನುಕೂಲವಾಗಿಯೇ ವರ್ತಿಸುವುವೆಂದು ತಿಳಿಯಬಾರದು. ಅತಿಯಾಗಿ ನೀರು ಹಾಯಿಸಿ, ಮಿತಿಮೀರಿ ಯೂರಿಯಾ ಸುರಿದ ಹೊಲದಲ್ಲಿ ನೆಲ ಸವಳು-ಜವಳಾಗುವುದಷ್ಟೇ ಅಲ್ಲ, ಬೇರೊಂದು ವರ್ಗದ ಬ್ಯಾಕ್ಟೀರಿಯಗಳು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ತಾಪಕಾರಿಯಾದ ನೈಟ್ರಸ್ ಆಕ್ಸೈಡನ್ನು ಉತ್ಪಾದಿಸುತ್ತವೆ. ಗಾಳಿಯಾಡದೆ ಕೊಳೆಯುವ ಪ್ರೆಸ್‌ಮಡ್ಡಿನ ರಾಶಿಗಳಿಂದ ಮೀಥೇನ್ ಏಳುತ್ತದೆ. ಅದೇ ಕ್ರಿಯೆಯನ್ನು ಮುಚ್ಚಿದ ತೊಟ್ಟಿಯಲ್ಲಿ ನಡೆಸಿದರೆ ಅದು ಇಂಧನವಾಗುತ್ತದೆ. ಮುಧೋಳ ತಾಲ್ಲೂಕಿನಲ್ಲಿ ಇಂತಹ ಜೈವಿಕ ಅನಿಲದ ಘಟಕ ಈಗಾಗಲೇ ಇದೆ.

ಕಲ್ಲಿದ್ದಲು ಪೆಟ್ರೋಲಿಯಮ್ಮುಗಳ ಬಳಕೆಯನ್ನು ತಗ್ಗಿಸದೆ ಸೂಕ್ಷ್ಮಾಣುಗಳೊಂದರಿಂದಲೇ ಲೋಕ ತಣಿಯಲಾರದು. ಆ ಕರ್ತವ್ಯ ಸರ್ಕಾರಗಳದೂ ಉದ್ಯಮಗಳದೂ ನಗರಗಳದೂ ಆಗಿದೆ. ಆದರೆ ನಮ್ಮ ಪಾಲಿನ ಕಾರ್ಯಕ್ಕೆ ಪರದೇಶದ ಯಂತ್ರಗಳಿಗಾಗಿ ಕಾಯಬೇಕಿಲ್ಲ. ಕಾರ್ಖಾನೆಗಳು ಹುದುಗಿನ ಅನಿಲವನ್ನು ವ್ಯರ್ಥವಾಗಿ ಬಿಡದಿರಲಿ. ಕೃಷಿ ವಿಶ್ವವಿದ್ಯಾಲಯಗಳು ಕೊಳೆಯಿಸುವ ಜೀವಾಣುಗಳನ್ನು ರೈತರಿಗೆ ಸುಲಭ ಬೆಲೆಯಲ್ಲಿ ಮುಟ್ಟಿಸಲಿ. ರೈತ ಬಂಧುಗಳು ಈ ಹಂಗಾಮಿನಿಂದಲೇ ರವದಿಗೆ ಬೆಂಕಿಯಿಡುವುದನ್ನು ನಿಲ್ಲಿಸಲಿ.