ಅಧ್ಯಾಯ 5: ತಡವಾಗಿ ಬರುವ ದನಿ

ಟ್ರ್ಯಾಕ್ ಎಂದರೆ ಒಂದು ದನಿಗೆ ಮೀಸಲಾದ ಸಾಲು. ಗಿಟಾರಿಗೆ ಒಂದು, ಹಾಡಿಗೆ ಒಂದು. ಎರಡೂ ಜೊತೆಯಾಗಿ ಓಡುತ್ತವೆ, ಆದರೆ ಒಂದನ್ನು ಮುಟ್ಟಿದರೆ ಇನ್ನೊಂದಕ್ಕೆ ಏನೂ ಆಗದು. ಎರಡನೇ ಚರಣದಲ್ಲಿ ದನಿ ಒಡೆಯಿತೇ? ಅಷ್ಟನ್ನೇ ಮತ್ತೆ ಹಾಡಿದರಾಯಿತು.

ಬೇಕಾದ ಸಾಮಾನು ಸ್ವಲ್ಪವೇ: ಒಂದು ಕಂಪ್ಯೂಟರು, ಒಂದು ಮೈಕು, ಮೈಕಿನ ದನಿಯನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಕೊಡುವ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ, ಕಿವಿಯನ್ನು ಪೂರ್ತಿ ಮುಚ್ಚುವ ತಂತಿಯ ಹೆಡ್‌ಫೋನು, ಆಡಾಸಿಟಿಯಂಥ ಉಚಿತ ತಂತ್ರಾಂಶ. ಮೈಕು ಕಂಡೆನ್ಸರ್ ಜಾತಿಯದಾದರೆ ಇಂಟರ್‌ಫೇಸಿನ 48 ವೋಲ್ಟ್ ಗುಂಡಿ ಒತ್ತಿರಬೇಕು. ಮೈಕು ಕೆಟ್ಟಿದೆ ಎಂದು ನನ್ನ ಬಳಿ ತಂದವರಲ್ಲಿ ಹಲವರು ಈ ಗುಂಡಿಯನ್ನು ಮರೆತವರು!

ಎರಡು ಮೈಕಿಟ್ಟು, ನುಡಿಸುತ್ತಲೇ ಹಾಡಿದರೆ ಎರಡು ಟ್ರ್ಯಾಕ್ ಸಿಗುವುದಿಲ್ಲವೇ ಎಂದು ಕೇಳುವವರುಂಟು. ಸಾಲು ಎರಡು ಸಿಗುತ್ತದೆ, ದನಿ ಬೇರೆಯಾಗುವುದಿಲ್ಲ. ಗಿಟಾರಿನ ಮೈಕಿಗೆ ಹಾಡು ಸೋರುತ್ತದೆ, ಹಾಡಿನ ಮೈಕಿಗೆ ಗಿಟಾರು ಸೋರುತ್ತದೆ. ಆಮೇಲೆ ಒಂದು ತಪ್ಪನ್ನು ಅಳಿಸಲು ಹೋದರೆ ಅದರ ನೆರಳು ಇನ್ನೊಂದರಲ್ಲಿ ಉಳಿದಿರುತ್ತದೆ. ಆದ್ದರಿಂದ ಒಂದೊಂದಾಗಿ ಹಿಡಿಯಬೇಕು. ಮೊದಲು ತಾಳಕ್ಕೊಂದು ಕ್ಲಿಕ್. ಅದರ ಮೇಲೆ ಒರಟಾಗಿ ಒಮ್ಮೆ ಹಾಡಿಕೊಳ್ಳಿ. ನಮ್ಮ ಸಿನಿಮಾದವರು ‘ಟ್ರ್ಯಾಕ್ ಹಾಡುವುದು’ ಎನ್ನುವುದು ಇಂಥದ್ದನ್ನೇ. ಅದನ್ನು ಕೇಳುತ್ತ ಗಿಟಾರು, ಗಿಟಾರು ಕೇಳುತ್ತ ನಿಜವಾದ ಹಾಡು. ಕೊನೆಗೆ ಒರಟು ಹಾಡನ್ನು ಅಳಿಸಿ.

ಮೈಕಿನ ಜಾಗದ ಬಗ್ಗೆ ಎರಡೇ ಮಾತು. ಗಿಟಾರಿನ ತೂತಿನ ಎದುರು ಇಟ್ಟರೆ ಗುಂಯ್‌ಗುಡುತ್ತದೆ, ಹನ್ನೆರಡನೇ ಫ್ರೆಟ್ಟಿನ ಎದುರು ಒಂದು ಗೇಣು ದೂರದಲ್ಲಿಡಿ. ಮಟ್ಟವನ್ನು ಅತಿ ಜೋರಿನ ಜಾಗದಲ್ಲೂ ಮೈನಸ್ 6 ಡೆಸಿಬೆಲ್ ದಾಟದಂತೆ ಇಟ್ಟುಕೊಳ್ಳಿ. ಕೆಂಪು ದೀಪ ಹೊತ್ತಿದಾಗ ಕತ್ತರಿಸಿಹೋದ ದನಿ ಮರಳಿ ಬರುವುದಿಲ್ಲ. ಫ್ಯಾನು ನಿಲ್ಲಿಸಿ, ಕುಕ್ಕರ್ ಕೂಗುವ ಹೊತ್ತನ್ನು ತಪ್ಪಿಸಿ.

ಇನ್ನು ನನಗೆ ಪ್ರಿಯವಾದ ವಿಷಯ. ಒಮ್ಮೆ ಒಬ್ಬ ಹುಡುಗ ಬಂದು, “ಸಾರ್, ನನಗೆ ತಾಳಜ್ಞಾನವೇ ಇಲ್ಲ, ಎಷ್ಟು ಸಲ ಹಾಡಿದರೂ ಗಿಟಾರಿನ ಹಿಂದೆಯೇ ಬೀಳ್ತೀನಿ” ಎಂದ. ಎದುರಿಗೆ ಕೂರಿಸಿ ಹಾಡಿಸಿದರೆ ತಾಳ ಗಡಿಯಾರದಂತಿತ್ತು. ತಪ್ಪು ಅವನ ಬ್ಲೂಟೂತ್ ಹೆಡ್‌ಫೋನಿನದು. ಬ್ಲೂಟೂತ್ ದನಿಯನ್ನು ಕಿವಿಗೆ ತಲುಪಿಸಲು ಸಾಮಾನ್ಯವಾಗಿ ನೂರಿನ್ನೂರು ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಗಿಟಾರು ಅವನ ಕಿವಿಗೆ ಬರುವಾಗಲೇ ತಡ, ಅದಕ್ಕೆ ಸರಿಯಾಗಿ ಹಾಡಿದ ದನಿಯೂ ತಡ. ನಿಷ್ಠೆಯಿಂದ ತಾಳ ಹಿಡಿದಷ್ಟೂ ಹಿಂದೆ ಬೀಳುತ್ತಿದ್ದ, ಪಾಪ.

ತಂತಿಯ ಹೆಡ್‌ಫೋನಿನಲ್ಲೂ ತಡ ಪೂರ್ತಿ ಹೋಗದು. ಏಕೆಂದರೆ ಕಂಪ್ಯೂಟರಿನೊಳಗೆ ಬಫರ್ ಎಂಬುದಿದೆ. ಸೀಟು ತುಂಬುವ ತನಕ ಹೊರಡದ ಮ್ಯಾಕ್ಸಿಕ್ಯಾಬ್ ನೋಡಿದ್ದೀರಲ್ಲ, ಅದೇ ಇದು. ಇಂಟರ್‌ಫೇಸ್ ನಿಮ್ಮ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತದೆ, ಒಂದೊಂದು ಅಳತೆಯೂ ಒಬ್ಬ ಪ್ರಯಾಣಿಕ. ಗಾಡಿಯಲ್ಲಿ 256 ಸೀಟಿದ್ದರೆ ತುಂಬಲು ಸುಮಾರು 6 ಮಿಲಿಸೆಕೆಂಡು, 1,024 ಸೀಟಿದ್ದರೆ 23. ಹೋಗುವಾಗ ಒಂದು ಗಾಡಿ, ಹೆಡ್‌ಫೋನಿಗೆ ಮರಳುವಾಗ ಇನ್ನೊಂದು, ಹಾಗಾಗಿ ತಡ ಇಮ್ಮಡಿ. ಚಿಕ್ಕ ಗಾಡಿಯನ್ನೇ ಓಡಿಸಬಹುದಲ್ಲ ಎಂದರೆ, ಟ್ರಿಪ್ಪು ಹೆಚ್ಚಾಗಿ ಕಂಪ್ಯೂಟರು ಸುಸ್ತಾಗುತ್ತದೆ, ದನಿಯಲ್ಲಿ ಚಟಪಟ ಸದ್ದು ಕೇಳುತ್ತದೆ.

ಗಾಳಿಯಲ್ಲಿ ದನಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಹತ್ತು ಮಿಲಿಸೆಕೆಂಡು ತಡವೆಂದರೆ ಕೋಣೆಯ ಆಚೆ ತುದಿಯಲ್ಲಿ ನುಡಿಸುವವರನ್ನು ಕೇಳಿದಂತೆ, ಯಾರಿಗೂ ತೊಂದರೆಯಾಗದು. ಐವತ್ತು ಎಂದರೆ 17 ಮೀಟರ್ ದೂರದಲ್ಲಿ ಹುಟ್ಟಿದ ನಿಮ್ಮದೇ ದನಿಯನ್ನು ಕೇಳಿದಂತೆ. ಆಗ ನಾಲಿಗೆ ತೊಡರುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿ: ಕಾಯಿಲೆ ಒಂದಲ್ಲ, ಎರಡು. ಹಾಡುವಾಗ ನಿಮ್ಮ ದನಿ ನಿಮಗೆ ತಡವಾಗಿ ಕೇಳುವುದು ಮೊದಲನೆಯದು. ಇದಕ್ಕೆ ಇಂಟರ್‌ಫೇಸಿನಲ್ಲಿರುವ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿ, ತಂತ್ರಾಂಶದಿಂದ ದನಿ ಮರಳದಂತೆ ಮಾಡಿ. ನಿಮ್ಮ ದನಿ ಗಾಡಿ ಹತ್ತದೆ ನೇರ ಕಿವಿಗೆ ಬರುತ್ತದೆ. ಹಾಡಿದ್ದು ಟ್ರ್ಯಾಕಿನಲ್ಲಿ ತಡವಾದ ಜಾಗದಲ್ಲಿ ಕೂರುವುದು ಎರಡನೆಯದು. ಇದನ್ನು ತಂತ್ರಾಂಶವೇ ಹಿಂದಕ್ಕೆ ಎಳೆದು ಸರಿಪಡಿಸಬೇಕು. ಮೊದಲನೆಯದರ ಮದ್ದನ್ನು ಎರಡನೆಯದಕ್ಕೆ ಹಚ್ಚಿ, ಗುಣವಾಗಲಿಲ್ಲ ಎಂದು ಇಂಟರ್‌ಫೇಸ್ ಬದಲಿಸಿದವರನ್ನು ಕಂಡಿದ್ದೇನೆ.

ಎರಡನೆಯದು ಕಂಪ್ಯೂಟರಿಗಿಂತ ಹಳೆಯ ಕಾಯಿಲೆ. ಟೇಪ್ ಯಂತ್ರದಲ್ಲಿ ಮುದ್ರಿಸುವ ಹೆಡ್ ಒಂದು ಕಡೆ, ಕೇಳಿಸುವ ಹೆಡ್ ಅದರ ಮುಂದೆ. ನಡುವೆ ಒಂದೂವರೆ ಇಂಚು ಅಂತರ ಎಂದುಕೊಳ್ಳಿ. ಟೇಪು ಸೆಕೆಂಡಿಗೆ 15 ಇಂಚು ಓಡಿದರೆ, ಕೇಳುತ್ತ ಹಾಡಿದ್ದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಅಚ್ಚಾಗುತ್ತದೆ. ಆಂಪೆಕ್ಸ್ ಕಂಪನಿ ಇದಕ್ಕೆ ಕಂಡುಕೊಂಡ ಉಪಾಯ ‘ಸೆಲ್-ಸಿಂಕ್’: ಹಳೆಯ ಟ್ರ್ಯಾಕನ್ನು ಮುದ್ರಿಸುವ ಹೆಡ್ಡಿನಿಂದಲೇ ಕೇಳಿಸುವುದು. ಅಂತರವೇ ಇಲ್ಲದ ಮೇಲೆ ತಡವೆಲ್ಲಿ? ಅಂಥ ಎಂಟು ಟ್ರ್ಯಾಕಿನ ಯಂತ್ರ 1957ರಲ್ಲಿ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಅವರ ಕೈ ಸೇರಿತು. ಇಷ್ಟು ಸರಳವಾದ ಜಾಣತನ ಕಂಡಾಗಲೆಲ್ಲ ನನಗೆ ಖುಷಿ.

ನಿಮ್ಮ ಮನೆಯ ತಡವನ್ನು ನೀವೇ ಅಳೆಯಬಹುದು. ಆಡಾಸಿಟಿಯಲ್ಲಿ ಕ್ಲಿಕ್ಕಿನ ಟ್ರ್ಯಾಕ್ ಮಾಡಿ. ಹೆಡ್‌ಫೋನಿನ ಒಂದು ಕಿವಿಯನ್ನು ಮೈಕಿಗೆ ಒತ್ತಿ ಹಿಡಿದು, ಆ ಕ್ಲಿಕ್ಕನ್ನು ಎರಡನೇ ಟ್ರ್ಯಾಕಿಗೆ ಮುದ್ರಿಸಿ. ಈಗ ಚಿತ್ರವನ್ನು ದೊಡ್ಡದು ಮಾಡುತ್ತ ಹೋಗಿ. ಒಂದೇ ಗೆರೆಯಂತೆ ಕಂಡದ್ದು ಎರಡು ಮುಳ್ಳುಗಳಾಗುತ್ತದೆ: ಮೇಲೆ ಮೂಲ, ಕೆಳಗೆ ತುಸು ಬಲಕ್ಕೆ ಸರಿದ ನಕಲು. ನಡುವಿನ ಅಂತರವೇ ಉಳಿದ ತಡ. ಹಾಡಿದ್ದನ್ನು ಎಷ್ಟು ಹಿಂದಕ್ಕೆ ಎಳೆಯಬೇಕೆಂಬ ಲೆಕ್ಕವನ್ನು ಈ ತಂತ್ರಾಂಶ ತಾನಾಗಿ ಮೈನಸ್ 130 ಮಿಲಿಸೆಕೆಂಡು ಎಂದು ಇಟ್ಟುಕೊಂಡಿರುತ್ತದೆ, ಅದು ಬರೀ ಅಂದಾಜು. ಅಂತರ 20 ಕಂಡರೆ ಮೈನಸ್ 150 ಎಂದು ತಿದ್ದಿ, ಮತ್ತೊಮ್ಮೆ ಮುದ್ರಿಸಿ ನೋಡಿ. ಎರಡು ಮುಳ್ಳುಗಳು ಒಂದರ ಕೆಳಗೊಂದು ನಿಲ್ಲಬೇಕು.

ಒಟ್ಟಿನಲ್ಲಿ: ಒಂದೊಂದಾಗಿ ಹಿಡಿಯಿರಿ, ತಂತಿಯ ಹೆಡ್‌ಫೋನು ಬಳಸಿ, ಎರಡು ತಡಗಳನ್ನು ಬೇರೆಬೇರೆಯಾಗಿ ಕಾಣಿರಿ, ಅಳೆದ ಮೇಲೆಯೇ ನಿಮ್ಮ ತಾಳವನ್ನು ಬೈದುಕೊಳ್ಳಿ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಹೊರತಂದ ‘ನೆಬ್ರಾಸ್ಕಾ’ ಮನೆಯಲ್ಲೇ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಹಿಡಿದದ್ದು. ನಿಮ್ಮ ಮೇಜಿನ ಮೇಲಿರುವುದು ಅದಕ್ಕಿಂತ ಎಷ್ಟೋ ಸಮರ್ಥ.

ಆದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಬೇಡಿ. ಹಾಡಿನ ಟ್ರ್ಯಾಕಿಗೆ ಒಂದು ನಕಲು ಮಾಡಿ, ಒಂದೇ ಒಂದು ಮಿಲಿಸೆಕೆಂಡು ಸರಿಸಿ, ಎರಡನ್ನೂ ಸೇರಿಸಿ ಕೇಳಿ. ದನಿ ಕೊಳವೆಯೊಳಗಿಂದ ಬಂದಂತೆ ಪೊಳ್ಳಾಗುತ್ತದೆ. 500 ಹರ್ಟ್ಸಿನ ಸ್ವರವಂತೂ ಮಾಯವೇ ಆಗುತ್ತದೆ. ದನಿಗೆ ದನಿ ಸೇರಿಸಿದರೆ ದನಿ ಕಡಿಮೆಯಾಗುವುದು ಹೇಗೆ? ಕಾಗದದ ಮೇಲೆ ಎರಡು ಅಲೆ ಬರೆದು, ಒಂದನ್ನು ಅರ್ಧ ಅಲೆಯಷ್ಟು ಪಕ್ಕಕ್ಕೆ ಸರಿಸಿ ನೋಡಿ. ಮುಂದಿನ ಅಧ್ಯಾಯ ತೆರೆಯುವ ಮೊದಲು ಇಷ್ಟನ್ನು ಮಾಡಿಯೇ ಬನ್ನಿ.